ಕೊಡುವ ಬೇರು

ಪ್ರತಿಫಲ ಬಯಸದೆ ಕೊಟ್ಟರೆ ಮಾತ್ರ ಅದು ದಾನ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೆಂಗಸರಿಗಂತೂ ಈ ಪಾಠ ಎರಡು ಪಟ್ಟು. ಮನೆಗಾಗಿ ಸವೆಯುವವಳು ತನಗೆಂದು ಏನಾದರೂ ಉಳಿಸಿಕೊಂಡಳೋ, ಅವಳ ತ್ಯಾಗಕ್ಕೆ ಕಳಂಕ ಬಂತು. ಇದು ಎಷ್ಟು ಸರಿ?

ನಾನು ಶಾಲೆಯಲ್ಲಿ ಕಲಿಸುವುದು ಕನ್ನಡ. ಆದರೂ ಈ ಪ್ರಶ್ನೆಗೆ ಉತ್ತರ ಹೊಳೆದದ್ದು ಗಿಡದ ಬೇರಿನ ವಿಷಯ ಓದುವಾಗ. ನಮ್ಮ ಕೊಕ್ಕರೆ ಬೆಳ್ಳೂರಿನ ಕಡೆ ರಾಗಿ ಪೈರೊಂದನ್ನು ಕಿತ್ತು ಕೊಡವಿ ನೋಡಿ. ಎಳೆಬೇರಿಗೆ ಮಣ್ಣು ಅಂಟಿಕೊಂಡೇ ಇರುತ್ತದೆ. ಅದರಲ್ಲಿ ಬೇರು ಸುರಿಸುವ ಲೋಳೆಯ ಪಾಲೂ ಉಂಟು. ಎಲೆಗಳು ಬಿಸಿಲಲ್ಲಿ ದುಡಿದು ಮಾಡಿದ ಸಕ್ಕರೆಯ ಒಂದಂಶವನ್ನು ಬೇರಿನ ತುದಿ ಹೀಗೆ ಮಣ್ಣಿಗೆ ಬಿಟ್ಟುಕೊಡುತ್ತದೆ. ಕಾಮಕಸ್ತೂರಿ ಬೀಜ ನೆನೆಹಾಕಿದಾಗ ಸುತ್ತ ಕಟ್ಟುವ ಲೋಳೆಯನ್ನು ನೀವು ಕಂಡಿದ್ದೀರಿ, ಇದೂ ಅಂಥದ್ದೇ. ತನ್ನ ಒಣತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಹೊಲ ಆರುತ್ತ ಬಂದರೂ ಬೇರಿನ ಮಗ್ಗುಲ ಮಣ್ಣು ಇನ್ನಷ್ಟು ಕಾಲ ತೇವವಾಗಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳೂ ಅದನ್ನುಂಡು ಬದುಕುತ್ತವೆ. ಇದು ದಾನವೋ, ಸ್ವಾರ್ಥವೋ?

ಊರಿನ ಹಕ್ಕಿಗಳ ವಿಷಯದಲ್ಲೂ ಹೀಗೇ ಕೇಳಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹುಣಸೆಮರದಲ್ಲಿ ಗೂಡು ಕಟ್ಟಿದರೆ ಫಸಲಿಗೆ ಪೆಟ್ಟು. ಜನ ಓಡಿಸಲಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದರು. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಮರದ ಒಡೆಯರಿಗೆ ಅರಣ್ಯ ಇಲಾಖೆಯ ಪರಿಹಾರವೂ ಬಂತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಗೊಬ್ಬರ ಸಿಕ್ಕಿದ ಮಾತ್ರಕ್ಕೆ ಆ ಅಕ್ಕರೆ ಸುಳ್ಳಾದೀತೆ?

ಲೋಳೆಗೆ ಇನ್ನೊಂದು ಗುಣವಿದೆ. ಪೂರಾ ಒಣಗಿತೆಂದರೆ ಅದು ನೀರನ್ನೇ ಒಲ್ಲೆನ್ನುತ್ತದೆ. ಮಳೆ ಬಿದ್ದರೂ ಬೇರಿನ ಸುತ್ತಲ ಮಣ್ಣು ಬೇಗ ನೆನೆಯುವುದಿಲ್ಲ. ತನಗೆಂದು ಏನೂ ಉಳಿಸಿಕೊಳ್ಳದೆ ಬತ್ತಿಹೋದ ತಾಯಂದಿರನ್ನು ಕಂಡಿದ್ದೇನೆ. ಮಗ ಸೀರೆ ತಂದರೆ "ನನಗ್ಯಾಕಪ್ಪ" ಎನ್ನುತ್ತಾರೆ. ಸೊಸೆ ಪ್ರೀತಿಯಿಂದ ಕಾಫಿ ಕೊಟ್ಟರೂ ಮುಖ ಅರಳುವುದಿಲ್ಲ. ಮನೆಯವರು ಕಲ್ಲುಮನಸ್ಸು ಎನ್ನುತ್ತಾರೆ. ನನಗೆ ಆ ಒಣಗಿದ ಲೋಳೆ ನೆನಪಾಗುತ್ತದೆ.

ಕೊಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ಕೊಡುವಾಗ ತನ್ನ ಸುತ್ತಲೂ ಒಂದಿಷ್ಟು ತೇವ ಉಳಿದರೆ ಅದು ಪಾಪವಲ್ಲ, ಇನ್ನೂ ಕೊಡಲು ಬೇಕಾದ ಶಕ್ತಿ. ಒಣಗಿದವರ ಮೇಲೆ ಮುನಿಯದೆ, ಮೆಲ್ಲಗೆ ಮತ್ತೆ ಮತ್ತೆ ನೀರು ಹನಿಸುವುದು ಅವರಿಂದ ಪಡೆದವರ ಧರ್ಮ.