ಗ್ರಹದರ್ಶನವೂ ಗ್ರಹಭಯವೂ

ಶನಿಯ ಹೆಸರು ಕೇಳಿ ಅಂಜುವವರು ನಮ್ಮಲ್ಲಿ ಬಹುಮಂದಿ. ಆ ಶನಿಯನ್ನು ಕಣ್ಣಾರೆ ಕಂಡವರು ವಿರಳ. ಗ್ರಹಪೀಡೆಯೆಂದು ಕೊರಗುವಾತನನ್ನು, ಆ ಗ್ರಹವು ಆಕಾಶದಲ್ಲಿ ಎಲ್ಲಿದೆಯೆಂದು ಕೇಳಿದರೆ ತೋರಿಸಲಾರ. ನೋಡದೆ, ವಿಚಾರಿಸದೆ ಅಂಜುವುದು ವಿವೇಕವೆನಿಸೀತೆ?

ಗ್ರಹಗಳನ್ನು ನೋಡಲು ದೂರ ಹೋಗಬೇಕಾಗಿಲ್ಲ. ಗದಗ-ಬೆಟಗೇರಿಯ ಮನೆಯ ಮಾಳಿಗೆ, ಲಕ್ಷ್ಮೇಶ್ವರದ ಅಂಗಳ, ಕಪ್ಪತಗುಡ್ಡದ ಆಸುಪಾಸಿನ ಶಿರಹಟ್ಟಿ-ಮುಂಡರಗಿ ಸೀಮೆಯ ಹೊಲದ ಬದು, ಇವೇ ಸಾಕು. ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳ ಬೆಳಕು ಬಹುಮಟ್ಟಿಗೆ ನಿಶ್ಚಲವಾದುದು. ಸೂರ್ಯಚಂದ್ರರು ಸಾಗುವ ಹಾದಿಯ ಬಳಿಯಲ್ಲಿಯೇ ಅವು ತೋರುತ್ತವೆ. ಒಕ್ಕಲಿಗನು ಬೆಳ್ಳಿಯೆನ್ನುವ ಚುಕ್ಕಿಯೇ ಶುಕ್ರ, ಕೆಂಪು ಛಾಯೆಯದು ಮಂಗಳ, ತಿಳಿಹಳದಿಯದು ಶನಿ. 2020ರ ಡಿಸೆಂಬರ್ 21ರ ಸಂಜೆ ಗುರು-ಶನಿಗಳು ನೈಋತ್ಯದಲ್ಲಿ ಒಂದನ್ನೊಂದು ಮುಟ್ಟುವಂತೆ ಕೂಡಿ ಕಂಡುವು. ಆದರೆ ಅವುಗಳ ನಡುವೆ ಆಗಲೂ 70 ಕೋಟಿ ಕಿಲೋಮೀಟರಿಗೂ ಮಿಕ್ಕ ಅಂತರವಿದ್ದಿತು.

ಶನಿಯು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29½ ವರ್ಷ ಬೇಕು. ಎಂದರೆ 12 ರಾಶಿಗಳಲ್ಲಿ ಒಂದೊಂದನ್ನು ದಾಟಲು ಸುಮಾರು 2½ ವರ್ಷ. ಮೂರು ರಾಶಿಗಳ ಈ ಪಯಣವೇ ಸಾಡೇಸಾತಿಯೆಂಬ 7½ ವರ್ಷ. ಹಾಗಾದರೆ ಯಾವ ದಿನ ನೋಡಿದರೂ ಮೂರು ರಾಶಿಗಳವರು, ಲೋಕದ ಜನರಲ್ಲಿ ಹೆಚ್ಚುಕಡಿಮೆ ಕಾಲುಪಾಲು, ಶನಿಪೀಡಿತರಾಗಿರಬೇಕು. ಅವರಲ್ಲಿ ಸುಖಿಗಳಿಲ್ಲವೆ? ಉಳಿದ ಮುಕ್ಕಾಲು ಪಾಲಿನಲ್ಲಿ ದುಃಖಿಗಳಿಲ್ಲವೆ?

ಇದು ಬರಿಯ ಲೆಕ್ಕದ ಮಾತಲ್ಲ, ನೀತಿಯ ಮಾತು. ಗುಣವತಿಯಾದ ಕನ್ಯೆಯನ್ನು ಕುಜದೋಷವುಳ್ಳವಳೆಂದು ನಿರಾಕರಿಸಿದಾಗ ನೋಯುವುದು ಮಂಗಳಗ್ರಹವಲ್ಲ, ಒಂದು ಬಡಮನೆ. ದುಂದಿನಿಂದ ಸಾಲಗಾರನಾದವನು ಶನಿಯನ್ನು ದೂರಿದರೆ ಸಾಲ ತೀರದು. ತನ್ನ ನಡೆಯನ್ನು ತಿದ್ದಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗುವುದು. ತನ್ನ ಹೊಣೆಯನ್ನು ಗ್ರಹದ ತಲೆಗೆ ಕಟ್ಟುವವನು ಪರರಿಗೂ ತನಗೂ ಅನ್ಯಾಯ ಮಾಡುತ್ತಾನೆ.

"ಹಾಗಾದರೆ ಹಿರಿಯರ ಪಂಚಾಂಗ ಸುಳ್ಳೆ?" ಎಂದು ಕೆಲವರು ಕೇಳಬಹುದು. ಗ್ರಹಗಳ ಗತಿಯನ್ನು ಇರುಳಿರುಳು ನೋಡಿ ಗಣಿಸಿದ ಹಿರಿಯರ ಶ್ರಮ ಸ್ತುತ್ಯವಾದುದೇ. ಆದರೆ ಗತಿಯನ್ನು ಗಣಿಸುವುದು ಬೇರೆ, ಫಲವನ್ನು ಹೇಳಿ ಹೆದರಿಸುವುದು ಬೇರೆ. 12ನೆಯ ಶತಮಾನದಲ್ಲಿಯೇ ಬಸವಣ್ಣನವರು ಲಗ್ನ, ರಾಶಿಕೂಟ, ತಾರಾಬಲಗಳ ಗೊಡವೆಯನ್ನು ಬದಿಗಿರಿಸಿ, ಶರಣರು ಕೇಳಿದ ದಿನವೇ ಶುಭದಿನವೆಂಬ ಭಾವವನ್ನು ವಚನದಲ್ಲಿ ಸಾರಿದರು. ಅವರು ಆಕಾಶವನ್ನು ಹಳಿಯಲಿಲ್ಲ, ಅಂಜಿಕೆಯನ್ನು ಕಳೆದರು.

ಆದುದರಿಂದ ಗೃಹಸ್ಥರು ನಿರ್ಮಲವಾದ ಇರುಳಿನಲ್ಲಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು, ಇದು ಗುರು, ಇದು ಶನಿ ಎಂದು ತೋರಿಸಲಿ. ಆ ಶನಿಯ ಬೆಳಕು ನಮ್ಮನ್ನು ತಲುಪಲು ಒಂದು ಗಂಟೆಗೂ ಮಿಕ್ಕ ಕಾಲ ಬೇಕೆಂಬುದನ್ನು ಹೇಳಲಿ. ಕಂಡ ಕಣ್ಣಿಗೆ ಬೆರಗು ಹುಟ್ಟುವುದು. ಬೆರಗು ಹುಟ್ಟಿದ ಮನದಲ್ಲಿ ಭಯಕ್ಕೆ ಎಡೆಯಿರದು.