ಕೂಳೆ ಜೋಳ

ನಾನು ಬಿ.ಎಸ್ಸಿ. ಓದಿದವಳು ಎಂಬುದು ನಮ್ಮ ಅತ್ತೆಯ ಊರಿನಲ್ಲಿ ಬಹಳ ದಿನ ದೊಡ್ಡ ಸುದ್ದಿಯಾಗಿತ್ತು. ಊರು ನೀಲಗುಂದ, ಹರಪನಹಳ್ಳಿ ತಾಲೂಕು. ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ಇರುವ ಊರು. ನಾನು ಸೊಸೆಯಾಗಿ ಹೋದಾಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಊರು ಮಾತ್ರ ಇದ್ದಲ್ಲೇ ಇದೆ. ನೀರಿಗೆ ಬಂದ ಹೆಂಗಸರು ನನ್ನತ್ತ ನೋಡಿ, "ಇವರ ಮನಿ ಸೊಸಿ ಗಿಡದ ಇದ್ಯಾ ಕಲ್ತಾಳಂತ" ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯ ಕಥೆಯನ್ನೇ ಇಂದು ಹೇಳಬೇಕೆಂದು ಕುಳಿತಿದ್ದೇನೆ.

1985, ಬರದ ವರ್ಷ. ಮುಂಗಾರಿನ ಜೋಳ ಮೊಣಕಾಲುದ್ದಕ್ಕೇ ಬಾಡಿ ನಿಂತಿತ್ತು. ಕೊಯ್ದದ್ದನ್ನು ಕೊಯ್ದು ಹೊಲ ಬಿಟ್ಟೆವು. ಆಮೇಲೆ ಯಾವಾಗಲೋ ಒಂದು ಸಣ್ಣ ಮಳೆ ಬಿತ್ತು ನೋಡಿ, ಕೂಳೆಯಿಂದ ಎಳೆ ಚಿಗುರು ಎದ್ದಿತು. ಸುತ್ತಲೂ ಬರೀ ಕೆಂಪು ಮಣ್ಣು, ನಡುವೆ ಆ ಒಂದು ತುಂಡು ಹಸಿರು. ಕೊಟ್ಟಿಗೆಯಲ್ಲಿ ನಮ್ಮ ಕೆಂದಾಕಳು ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಅಂದು ಮನೆಯವರೆಲ್ಲ ಉಚ್ಚಂಗಿದುರ್ಗದ ಕಡೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ದನ ಕಾಯುವ ಹುಡುಗ, ಇಬ್ಬರೇ. ಹನ್ನೆರಡು ಹದಿಮೂರು ವರ್ಷದವನು. ಆಕಳನ್ನು ಆ ಹೊಲಕ್ಕೆ ಬಿಟ್ಟು ಮೇಯಿಸಿಕೊಂಡು ಬಾ ಎಂದೆ.

"ಬ್ಯಾಡ್ರಿ ಅಕ್ಕಾರೆ. ಕೂಳಿ ಜ್ವಾಳಕ್ಕ ದನ ಬಿಡಬಾರ್ದಂತ್ರಿ. ನಂಜಾಕ್ಕತಂತ, ನಮ್ಮಪ್ಪ ಹೇಳ್ಯಾನ."

"ಯಾಕೆ ನಂಜಾಗುತ್ತದೆ?"

"ಯಾಕಂತ ಗೊತ್ತಿಲ್ರಿ. ಆಕ್ಕತಿ."

ನನಗೆ ನಗು ಬಂತು. ಕಟ್ಟೆಯ ಮೇಲೆ ಕೂರಿಸಿಕೊಂಡು ಅವನಿಗೆ ಪಾಠ ಹೇಳಿದೆ. ಎಲೆ ಅಂದರೆ ಏನು ಗೊತ್ತೇನೋ, ಅದೊಂದು ಅಡುಗೆಮನೆ. ಸೂರ್ಯನ ಬೆಳಕೇ ಒಲೆ. ಬೇರಿನಿಂದ ನೀರು, ಗಾಳಿಯಿಂದ ಇಂಗಾಲದ ಡೈ ಆಕ್ಸೈಡು, ಎರಡೂ ಸೇರಿ ಸಕ್ಕರೆಯಾಗುತ್ತದೆ. ನೀನು ತಿನ್ನುವ ರೊಟ್ಟಿ, ಆಕಳ ಹಾಲು, ಎಲ್ಲ ಅಲ್ಲಿಂದಲೇ ಬಂದದ್ದು. ಹಸಿರು ಅನ್ನುವುದೇ ಅನ್ನ. ಅದರಲ್ಲಿ ಎಲ್ಲಿಯ ನಂಜು? ಹುಡುಗ ತಲೆ ಕೆರೆದುಕೊಂಡ. ಓದಿದವರ ಮಾತು. ಆಕಳ ಹಗ್ಗ ಬಿಚ್ಚಿದ.

ಅರ್ಧ ಗಂಟೆಯೂ ಆಗಿರಲಿಲ್ಲ, ಓಡಿ ಬಂದ. ನಾನು ಹೋಗುವಷ್ಟರಲ್ಲಿ ಆಕಳು ಬದುವಿನ ಹತ್ತಿರ ಬಿದ್ದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಕಾಲು ಅದುರುತ್ತಿದ್ದವು. ಯಾರೋ ಬೆಲ್ಲದ ನೀರು ತಂದು ಹಾಕಿದರು, ಗಂಟಲಿಗೆ ಇಳಿಯಲಿಲ್ಲ. ಅದರ ವಸಡು ಮಾತ್ರ ಕೆಂಪಗೆ, ಆರೋಗ್ಯವಂತ ಪ್ರಾಣಿಯದಕ್ಕಿಂತ ಕೆಂಪಗೆ ಇತ್ತು. ಅದನ್ನು ನೋಡಿ ಬದುಕಬಹುದು ಎಂದುಕೊಂಡೆ. ಬದುಕಲಿಲ್ಲ.

ಸಂಜೆ ಮಾವ ಬಂದವರು ಹುಡುಗನನ್ನು ಕೇಳಿದರು: "ಗೊತ್ತಿದ್ದೂ ಬಿಟ್ಟೀಯೇನಲೇ?" ಹುಡುಗ ಒಂದು ಸಲ ನನ್ನ ಕಡೆ ನೋಡಿದ. ನಾನು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮರುದಿನ ಅವನನ್ನು ಕೆಲಸದಿಂದ ಬಿಡಿಸಿದರು. ಆ ವರ್ಷ ಅವನಿಗೆ ಬರಬೇಕಾಗಿದ್ದ ಜೋಳ, ಬರದ ವರ್ಷದ ಜೋಳ, ಆಕಳ ಲೆಕ್ಕಕ್ಕೆ ಹೋಯಿತು.

ನಡೆದದ್ದೇನು ಎಂಬುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ನೆಂಟರಲ್ಲಿ ಪಶುವೈದ್ಯರೊಬ್ಬರಿದ್ದು ಅವರು ಬಿಡಿಸಿ ಹೇಳಿದಾಗ. ಅದನ್ನು ಹೇಳಬೇಕಾದರೆ ಮೊದಲು ಕಿಣ್ವದ ಮಾತು ಹೇಳಬೇಕು.

ಕಿಣ್ವ ಅನ್ನುವುದು ಹಳೆಯ ಸಂಸ್ಕೃತ ಪದ, ಹೆಂಡಕ್ಕೆ ಹುಳಿ ಬರಿಸುವ ವಸ್ತು ಎಂದರ್ಥ. 1878ರಲ್ಲಿ ಜರ್ಮನಿಯ ಕ್ಯೂನೆ ಎಂಬಾತ ಕಟ್ಟಿದ ಎಂಜೈಮ್ ಎಂಬ ಪದಕ್ಕೂ ಸುಮಾರು ಅದೇ ಅರ್ಥ: ಯೀಸ್ಟಿನೊಳಗಿರುವುದು. ಜೀವದ ಒಳಗೆ ನಡೆಯುವ ಒಂದೊಂದು ರಾಸಾಯನಿಕ ಕೆಲಸಕ್ಕೂ ಒಂದೊಂದು ಕಿಣ್ವ ಬೇಕು. ಬೀಗಕ್ಕೆ ಕೀಲಿ ಕೂಡುವಂತೆ ಅದು ತನಗೆ ಹೊಂದುವ ವಸ್ತುವನ್ನೇ ಹಿಡಿಯುತ್ತದೆ ಎಂದು 1894ರಲ್ಲಿ ಎಮಿಲ್ ಫಿಷರ್ ಹೇಳಿದ. ಹಿಡಿದು, ಕತ್ತರಿಸಿ ಅಥವಾ ಜೋಡಿಸಿ, ಬಿಟ್ಟುಬಿಡುತ್ತದೆ. ತಾನು ಮಾತ್ರ ಬದಲಾಗದೆ ಮುಂದಿನ ಕೆಲಸಕ್ಕೆ ಸಿದ್ಧ. ಜೋಳದ ರೊಟ್ಟಿಯ ಒಂದು ತುಣುಕನ್ನು ನುಂಗದೆ ಬಹಳ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸಿದ ಗುರುತು ಅದು. ಕಾವು ಹೆಚ್ಚಾದರೆ ಕಿಣ್ವ ಕೆಡುತ್ತದೆ.

ಎಲೆಯೊಳಗಿನ ಅಡುಗೆಯೂ ಕಿಣ್ವಗಳದ್ದೇ. ನಾನು ಹುಡುಗನಿಗೆ ಬೆಳಕೇ ಒಲೆ ಎಂದೆನಲ್ಲ, ಅದು ತಪ್ಪಲ್ಲ. ಬೆಳಕು ನೀರನ್ನು ಒಡೆಯುತ್ತದೆ, ನಾವು ಉಸಿರಾಡುವ ಆಮ್ಲಜನಕ ಅಲ್ಲಿ ಹೊರಬರುತ್ತದೆ. ಆದರೆ ಗಾಳಿಯಿಂದ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವುದು ರುಬಿಸ್ಕೊ ಎಂಬ ಕಿಣ್ವ. ಜಗತ್ತಿನ ಅನ್ನವೆಲ್ಲ ಹೆಚ್ಚುಕಡಿಮೆ ಅದರ ಕೈಯಿಂದಲೇ ದಾಟಬೇಕು. ಆದರೂ ಅದು ಮಹಾ ನಿಧಾನಿ. ನಮ್ಮ ರಕ್ತದಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕೆಲಸ ಮಾಡುವ ಕಿಣ್ವಗಳಿವೆ, ಇದು ಮಾಡುವುದು ಮೂರೋ ನಾಲ್ಕೋ. ಸಾಲದ್ದಕ್ಕೆ ಬಿಸಿಲೇರಿದರೆ ಇಂಗಾಲದ ಬದಲು ಆಮ್ಲಜನಕವನ್ನು ಹಿಡಿದು ಕೆಲಸ ಕೆಡಿಸುತ್ತದೆ. ಜೋಳ ಇದಕ್ಕೊಂದು ಉಪಾಯ ಮಾಡಿಕೊಂಡಿದೆ: ಎಲೆಯ ಹೊರಗಿನ ಕೋಣೆಯಲ್ಲಿ ಬೇರೊಂದು ಚುರುಕಿನ ಕಿಣ್ವ ಇಂಗಾಲವನ್ನು ಹಿಡಿದು, ಒಳಗಿನ ಕೋಣೆಯಲ್ಲಿ ಕುಳಿತ ರುಬಿಸ್ಕೊಗೆ ತಂದು ಒದಗಿಸುತ್ತದೆ. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ಈ ಹಾದಿಯನ್ನು ಬಿಡಿಸಿ ತೋರಿಸಿದರು. ನಮ್ಮ ಬಿಸಿಲು ಸೀಮೆಯಲ್ಲಿ ಜೋಳ ನಿಂತಿರುವುದು ಇದರ ಬಲದಿಂದ.

ಅದೇ ಎಲೆಯಲ್ಲಿ ಇನ್ನೊಂದು ಜೋಡಿ ಕೋಣೆಗಳಿವೆ. ಎಲೆಯ ಸಿಪ್ಪೆಯ ಕೋಶಗಳಲ್ಲಿ ಧುರಿನ್ ಎಂಬ ವಸ್ತು ಶೇಖರವಾಗಿರುತ್ತದೆ. ಜೋಳಕ್ಕೆ ಅರಬ್ಬರ ನಾಡಿನ ಹೆಸರು ಧುರಾ, ಅದರಿಂದ 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಇಟ್ಟ ಹೆಸರು ಇದು. ಸಕ್ಕರೆಯ ಜೊತೆ ಕಟ್ಟಿಹಾಕಿದ ಸಯನೈಡ್ ಎಂದರೆ ಆದೀತು. ಕಟ್ಟಿದ್ದಷ್ಟು ದಿನ ಅದು ಸಾಧು. ಆ ಕಟ್ಟನ್ನು ಬಿಚ್ಚುವ ಕಿಣ್ವ ಪಕ್ಕದ ಹಸಿರು ಕೋಶಗಳಲ್ಲಿರುತ್ತದೆ. ನಡುವೆ ಗೋಡೆ. ಎಲೆ ತನ್ನ ಪಾಡಿಗೆ ತಾನು ಗಾಳಿಗೆ ಆಡಿಕೊಂಡಿದ್ದರೆ ಎರಡೂ ಎಂದೂ ಭೇಟಿಯಾಗುವುದಿಲ್ಲ. ಹುಳುವೋ ಆಕಳೋ ಅಗಿದಾಗ ಗೋಡೆ ಒಡೆಯುತ್ತದೆ. ಸಕ್ಕರೆ ಕಳಚಿಕೊಳ್ಳುತ್ತದೆ, ವಿಷ ಹೊರಬೀಳುತ್ತದೆ. ಎಳೆ ಚಿಗುರಿನಲ್ಲಿ, ಕೂಳೆಯಲ್ಲಿ, ಬರಕ್ಕೆ ಸಿಕ್ಕು ಕುಗ್ಗಿದ ಪೈರಿನಲ್ಲಿ ಧುರಿನ್ ಹೆಚ್ಚು. ಹಸಿದ ದನ ಗಬಗಬನೆ ತಿನ್ನುವುದರಿಂದ ಅಪಾಯ ಇನ್ನೂ ಹೆಚ್ಚು. ಬಲಿತು ಒಣಗಿದ ದಂಟನ್ನು ದನಗಳು ಸುಖವಾಗಿ ತಿನ್ನುತ್ತವೆ, ಒಣಗುವಾಗ ವಿಷ ಬಹಳಷ್ಟು ಆರಿಹೋಗಿರುತ್ತದೆ.

ಮತ್ತೆ ಆ ವಸಡಿನ ಕೆಂಪು. ಜೀವಕೋಶದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳಲು ಬೇಕಾದ ಕಿಣ್ವವನ್ನೇ ಸಯನೈಡ್ ಹಿಡಿದು ನಿಲ್ಲಿಸುತ್ತದೆ. ಪ್ರಾಣಿ ಉಸಿರಾಡುತ್ತಲೇ ಇರುತ್ತದೆ, ರಕ್ತ ತುಂಬ ಆಮ್ಲಜನಕ, ಒಳಗೆ ಮಾತ್ರ ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅಷ್ಟು ಕೆಂಪು. ಬೇಗ ಸಿಕ್ಕಿದರೆ ರಕ್ತನಾಳಕ್ಕೆ ಕೊಡುವ ಔಷಧಿ ಇದೆಯಂತೆ, ಸೋಡಿಯಂ ಥಯೋಸಲ್ಫೇಟ್. ಅಂದು ನಮ್ಮಲ್ಲಿ ಬೆಲ್ಲದ ನೀರಿತ್ತು.

ಇದೆಲ್ಲ ಕೇಳಿದ ದಿನ, ಸುಳ್ಳೇಕೆ ಹೇಳಲಿ, ನನಗೆ ಸಮಾಧಾನವಾಯಿತು. ನೋಡಿ, ಇಲ್ಲಿ ಯಾರ ತಪ್ಪೂ ಇಲ್ಲ. ಜೋಳ ಹುಳುಗಳಿಂದ ತನ್ನನ್ನು ಕಾಯ್ದುಕೊಂಡಿತು. ಕಿಣ್ವಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಕೈಗೆ ಬಂದದ್ದನ್ನು ಕತ್ತರಿಸಿತು. ಆಕಳಿಗೆ ಹಸಿವು. ನನಗೆ ಅಜ್ಞಾನ. ಹೀಗೆ ಒಂದೊಂದಾಗಿ ಎಲ್ಲರನ್ನೂ ಬಿಡುಗಡೆ ಮಾಡುತ್ತ ಬಂದೆ. ಒಂದೆರಡು ದಿನ ಕಳೆದ ಮೇಲೆ ಹೊಳೆಯಿತು, ನಾನು ಬಿಡುಗಡೆ ಮಾಡುತ್ತಿದ್ದುದು ಆಕಳು ಸತ್ತದ್ದಕ್ಕೆ ಮಾತ್ರ. ಬಾಗಿಲ ಹಿಂದೆ ನಿಂತಿದ್ದು ಬೇರೆಯೇ ಸಂಗತಿ. ಅದಕ್ಕೆ ಯಾವ ಕಿಣ್ವವನ್ನು ಹುಡುಕಲಿ?

ಅಜ್ಞಾನ ಎಂದೆ. ಅದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ನನಗೆ ಹೇಳಲಾಗಿತ್ತು. ಹೇಳಿದವನು ಹುಡುಗ, ದನ ಕಾಯುವವನು, ಕಾರಣ ಗೊತ್ತಿಲ್ಲದವನು. ಕಾರಣ ಹೇಳಲಾರದ ತಿಳಿವಳಿಕೆ ತಿಳಿವಳಿಕೆಯೇ ಅಲ್ಲ ಎಂದು ನಾನು ಕಾಲೇಜಿನಲ್ಲಿ ಕಲಿತಿದ್ದೆ. ನಮ್ಮ ಅತ್ತೆ ಹಾಲಿಗೆ ಬೆರಳದ್ದಿ ನೋಡಿಯೇ ಹೆಪ್ಪು ಹಾಕುತ್ತಿದ್ದರು, ಬಿಸಿ ಹೆಚ್ಚಿದ್ದರೆ ಕಾಯುತ್ತಿದ್ದರು. ಯಾಕೆಂದು ಕೇಳಿದರೆ "ಕೆಡ್ತತವ್ವಾ" ಎನ್ನುತ್ತಿದ್ದರು, ಅಷ್ಟೆ. ಮೊಸರು ಎಂದೂ ಕೆಟ್ಟದ್ದಿಲ್ಲ. ಅಲ್ಲಿ ನಾನು ಕಾರಣ ಕೇಳಿ ಜಗಳವಾಡಲಿಲ್ಲ, ಅವರು ಅತ್ತೆಯಾಗಿದ್ದರಲ್ಲ! ಹಾಗಂತ ಹಿರಿಯರು ಹೇಳಿದ್ದೆಲ್ಲ ಸರಿ ಎನ್ನುವವಳೂ ನಾನಲ್ಲ. ಅದೇ ಅತ್ತೆ ಗ್ರಹಣದ ಹೊತ್ತಿಗೆ ಮಾಡಿಟ್ಟ ಅಡುಗೆಯನ್ನು ಚೆಲ್ಲಿಸುತ್ತಿದ್ದರು, ಅದನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಅನುಮಾನಪಟ್ಟಿದ್ದು ತಪ್ಪಾಗಿರಲಿಲ್ಲ. ಆದರೆ ಅನುಮಾನ ನನ್ನದು, ಅದನ್ನು ಪರೀಕ್ಷಿಸಿದ್ದು ಆಕಳ ಪ್ರಾಣದಿಂದ, ಬೆಲೆ ತೆತ್ತಿದ್ದು ಹುಡುಗನ ಜೋಳದಿಂದ. ಒಂದು ಸಂಜೆ ಕಾಯಬಹುದಿತ್ತು. ಮಾವ ಬರಲಿ, ಕೇಳೋಣ ಎನ್ನಬಹುದಿತ್ತು. ಹಾಗೆ ಕೇಳಿದ್ದರೆ ನಾನು ಓದಿದ್ದು ಎಷ್ಟು ಎಂಬುದು ಬಯಲಾಗುತ್ತಿತ್ತೋ ಏನೋ.

ಕೆಲವು ವರ್ಷಗಳ ಹಿಂದೆ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ನನಗೆ ಗುರುತು ಸಿಗಲಿಲ್ಲ, ಅವನೇ ಬಂದು "ಅಕ್ಕಾರೆ, ಅರಾಮಿದೀರೇನ್ರಿ" ಎಂದ. ತಲೆ ನರೆತಿತ್ತು. ಎರಡು ಎಕರೆ ಮೆಕ್ಕೆಜೋಳ ಹಾಕಿದ್ದಾನಂತೆ, ಜೋಳ ಬಿಟ್ಟು ಬಹಳ ವರ್ಷವಾಯಿತಂತೆ. ಬಸ್ಸು ಬರುವುದು ತಡವಿತ್ತು. ನಾನು ಎಲ್ಲವನ್ನೂ ಹೇಳಿದೆ, ಸಿಪ್ಪೆಯ ಕೋಣೆ, ಹಸಿರು ಕೋಣೆ, ನಡುವಿನ ಗೋಡೆ, ಕತ್ತರಿಯಂಥ ಕಿಣ್ವ. ಹಿಂದೆ ಕಟ್ಟೆಯ ಮೇಲೆ ಕೇಳಿದಂತೆಯೇ ಗಮನವಿಟ್ಟು ಕೇಳಿದ.

"ಹಂಗಾರ ನಾ ಹೇಳಿದ್ದು ಖರೇನ ಆತಲ್ರಿ" ಎಂದ. ಮುಖದಲ್ಲಿ ಸಂತೋಷವೇ ಇತ್ತು.

"ಹೌದು, ನೀನು ಹೇಳಿದ್ದೇ ಸರಿ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಯಜಮಾನ್ರಿಗೆ ಹೇಳಿದ್ರೇನ್ರಿ ಇದನ್ನ?"

ಮಾವ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. ಕೊಟ್ಟೂರಿನ ಬಸ್ಸು ಬಂತು. ನನ್ನ ಚೀಲವನ್ನು ಅವನೇ ಎತ್ತಿ ಕಿಟಕಿಯಿಂದ ಸೀಟಿನ ಮೇಲಿಟ್ಟ.