ಕೂರಿಗೆ ಭತ್ತ, ನಾಟಿ ಗದ್ದೆ

ಪುಣೆಯಲ್ಲಿ ನೆಲೆಸಿದ ನಮ್ಮಂಥವರ ಬಗ್ಗೆ ಊರಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. "ಅಲ್ಲಿ ಹೋಗಿ ಚಲೋ ಬೆಳದಾರ ಬಿಡ್ರಿ" ಅನ್ನೋದು ಒಂದು. "ಬೇರು ಕಿತ್ತುಕೊಂಡು ಹೋದವರು, ಇನ್ನ ನಮ್ಮವರು ಹ್ಯಾಂಗ ಆಗ್ತಾರ?" ಅನ್ನೋದು ಇನ್ನೊಂದು. ಎರಡರಲ್ಲೂ ಇರುವುದು ಗಿಡದ ಹೋಲಿಕೆ. ಹೋಲಿಸುವುದೇ ಆದರೆ, ಜಾಗ ಬದಲಾದಾಗ ಗಿಡ ನಿಜವಾಗಿ ಏನು ಮಾಡುತ್ತದೆ ಎಂದು ನೋಡಿಬಿಡುವುದು ಒಳ್ಳೆಯದು.

ನಾನು ಕಲಘಟಗಿ ಕಡೆಯವನು. ನಮ್ಮಲ್ಲಿ ಭತ್ತವೆಂದರೆ ಕೂರಿಗೆ ಭತ್ತ. ರೋಹಿಣಿ ಮಳೆ ಬಿದ್ದ ಹಸಿಗೆ ಎತ್ತು ಹೂಡಿ, ಜೋಳ ಬಿತ್ತಿದ ಹಾಗೆಯೇ ಭತ್ತ ಬಿತ್ತುತ್ತಾರೆ. ಸಸಿಮಡಿ ಇಲ್ಲ, ಕೆಸರು ಇಲ್ಲ, ನಾಟಿ ಇಲ್ಲ. ಖಾನಾಪುರ, ಹಳಿಯಾಳ, ಮುಂಡಗೋಡ, ಹಾವೇರಿಯ ಸೀಮೆಯಲ್ಲೂ ಇದೇ ರೂಢಿ. ಕರಾವಳಿಯವರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಮಾಡಿ, ಎತ್ತರದ ಬೆಟ್ಟುಗದ್ದೆಗೆ ಬೇರೆ ಬೀಜ, ನೀರು ನಿಲ್ಲುವ ಬೈಲಿಗೆ ಬೇರೆ ಬೀಜ ಇಡುತ್ತಿದ್ದರು. ಯಾವ ನೆಲಕ್ಕೆ ಯಾವ ಬೀಜ ಎಂಬುದು ನಮ್ಮ ಹಿರಿಯರಿಗೆ ಸಣ್ಣ ಮಾತಾಗಿರಲಿಲ್ಲ.

ಪುಣೆ ಜಿಲ್ಲೆಯ ಮಾವಳ, ಮುಳಶಿ, ಭೋರ್ ತಾಲೂಕುಗಳದು ಬೇರೆಯೇ ಲೋಕ. ಅಲ್ಲಿ ಸೊಪ್ಪು, ಸಗಣಿ ಸುಟ್ಟ ಮಡಿಯಲ್ಲಿ ಸಸಿ ಎಬ್ಬಿಸಿ, ಸಹ್ಯಾದ್ರಿಯ ಮಳೆ ಹಿಡಿದಾಗ ನೀರು ತುಂಬಿದ ಖಾಚರದಲ್ಲಿ ನಾಟಿ ಮಾಡುತ್ತಾರೆ. ಮಾವಳದ ವಡಗಾವ್ ಸಂಶೋಧನಾ ಕೇಂದ್ರ 1987ರಲ್ಲಿ ಹೊರತಂದ ಇಂದ್ರಾಯಣಿ ತಳಿ ಅಲ್ಲಿಯ ಪರಿಮಳದ ಆಂಬೆಮೊಹರ್ ಮತ್ತು ಫಿಲಿಪೈನ್ಸಿನ ಐಆರ್-8 ಇವೆರಡರ ಕೂಸು. ಪುಣೆಯವರು ತಮ್ಮದೇ ಎಂದು ಹೆಮ್ಮೆಯಿಂದ ಉಣ್ಣುವ ಅನ್ನದಲ್ಲೂ ಪರದೇಶದ ಪಾಲಿದೆ.

ಈಗ ಒಣ ನೆಲದ ಭತ್ತವನ್ನು ಇಂಥ ನೀರಗದ್ದೆಗೆ ಹಾಕಿದರೆ? ಕೊಳೆಯುತ್ತದೆ ಎಂದು ತಟ್ಟನೆ ಅನ್ನಿಸುತ್ತದೆ. ಕೊಳೆಯುವುದಿಲ್ಲ. ಭತ್ತದ ಬೇರಿನೊಳಗೆ ಗಾಳಿ ಇಳಿಯುವ ಕೊಳವೆಗಳಿರುತ್ತವೆ. ಒಣನೆಲದ ತಳಿ, ಗದ್ದೆಯ ತಳಿ, ಆಳನೀರಿನ ತಳಿ ಮೂರನ್ನೂ ನಿಂತ ನೀರಿನಲ್ಲಿ ಬೆಳೆಸಿ ನೋಡಿದವರಿದ್ದಾರೆ. ಮೂರೂ ಕೊಳವೆಗಳನ್ನು ಹಿಗ್ಗಿಸಿಕೊಂಡವು, ಗಾಳಿ ಸೋರದಂತೆ ಬೇರಿನ ಸುತ್ತ ಗೋಡೆಯನ್ನೂ ಕಟ್ಟಿಕೊಂಡವು. ಅಂದರೆ ಆ ಗುಣ ನೀರು ಕೊಟ್ಟದ್ದಲ್ಲ. ಒಳಗೇ ಇತ್ತು, ನೀರು ಅದನ್ನು ಕರೆಯಿತು. ಹಾಗಂತ ಒಣನೆಲದ ಗಿಡ ಗದ್ದೆಯ ಗಿಡ ಆಗಿಬಿಡುವುದಿಲ್ಲ. ತೆಂಡೆ ಕಡಿಮೆ ಒಡೆಯುತ್ತದೆ, ಎತ್ತರ ಬೆಳೆಯುತ್ತದೆ, ಗೊಬ್ಬರ ಹೆಚ್ಚಾದರೆ ಬೀಳುತ್ತದೆ. ತನ್ನ ಊರಿಗಿಂತ ಚಲೋ ಬೆಳೆದರೂ ಪಕ್ಕದ ಗಿಡದಷ್ಟು ಕಾಳು ಕಟ್ಟುವುದು ಕಷ್ಟ.

ಹಾಗಾದರೆ ಊರಿನ ಎರಡು ಮಾತೂ ಅರೆಬರೆ. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ, 2011ರಲ್ಲಿ ಅಲ್ಲೇ ತೀರಿಕೊಂಡರು. ಮರಾಠಿ ಅಭಂಗಗಳನ್ನು ಅವರ ದನಿಯಲ್ಲೇ ಕೇಳಬೇಕೆಂದು ಮಹಾರಾಷ್ಟ್ರ ಬಯಸಿತು, ದಾಸರ ಪದಗಳನ್ನು ಅವರ ದನಿಯಲ್ಲೇ ಕೇಳಬೇಕೆಂದು ನಾವೂ ಬಯಸಿದೆವು. 1953ರಿಂದ ಅವರು ಪುಣೆಯಲ್ಲಿ ನಡೆಸಿಕೊಂಡು ಬಂದ ಸಂಗೀತೋತ್ಸವ ಇದ್ದದ್ದು ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ. ಅವರ ಬೇರು ಕಿತ್ತಿತ್ತು ಅನ್ನೋಣವೇ? ಪುಣೆಯೇ ಅವರನ್ನು ಬೆಳೆಸಿತು ಅನ್ನೋಣವೇ?

ಆದರೆ ಎಲ್ಲರೂ ಭೀಮಸೇನರಲ್ಲ. ನಮಗಿರುವ ಕಠಿಣ ಪ್ರಶ್ನೆ ಬೇರೆ. ಒಣನೆಲದ ಭತ್ತದ ಬೇರು ಆಳಕ್ಕಿಳಿಯುವುದು ಮೇಲೆ ನೀರಿಲ್ಲ ಎಂಬ ಕಾರಣಕ್ಕೆ. ಮೇಲೆಯೇ ನೀರು ಸಿಕ್ಕಮೇಲೆ ಆಳ ಯಾಕೆ ಬೇಕು? ನನ್ನ ಮಗಳು ಓಣಿಯಲ್ಲಿ ಮರಾಠಿ, ಸಾಲಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ನಮ್ಮ ಮಾತು ಆಡುತ್ತಾಳೆ. "ಆಕೀಗೆ ಕನ್ನಡ ಓದಾಕ ಬರಿಯಾಕ ಕಲಿಸಿ ಏನ್ ಮಾಡ್ತೀಯೋ ಮಾರಾಯ? ಬೇಕಾಗೂದಿಲ್ಲಲ್ಲ" ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬಾರದೇ ಹೋಗಬಹುದಾದ ಬರಗಾಲಕ್ಕೆ ಮಗುವನ್ನು ಈಗಲೇ ಒಣಗಿಸುವ ಹಕ್ಕು ನನಗಿದೆಯೇ?

2013ರಲ್ಲಿ ಪ್ರಕಟವಾದ ಒಂದು ಶೋಧ ಇಲ್ಲಿ ನೆನಪಾಗುತ್ತದೆ. ಏಷ್ಯಾದ ಗದ್ದೆಗಳಲ್ಲೆಲ್ಲ ಹಬ್ಬಿದ ಐಆರ್-64 ತಳಿಯ ಬೇರು ಆಳಕ್ಕಿಳಿಯುವುದಿಲ್ಲ. ಫಿಲಿಪೈನ್ಸಿನ ಒಣನೆಲದ ಹಳೆಯ ತಳಿ ಕಿನಂದಾಂಗ್ ಪಟಾಂಗಿನಿಂದ ಆಳಬೇರಿನ ಗುಣವೊಂದನ್ನು ವಿಜ್ಞಾನಿಗಳು ಅದಕ್ಕೆ ತಂದರು. ಬರ ಬಿದ್ದಾಗ ಆ ಗಿಡ ಹೆಚ್ಚು ಕಾಳು ಕೊಟ್ಟಿತು. ಗುಣ ಸಿಕ್ಕದ್ದು ಯಾರೋ ಆ ಹಳೆಯ ಬೀಜವನ್ನು ಬಿತ್ತುತ್ತಲೇ ಬಂದಿದ್ದರಿಂದ. ಒಂದು ಹಂಗಾಮು ನೀರಿನಲ್ಲಿ ಬೆಳೆದರೆ ಬೀಜದ ಗುಣ ಹೋಗುವುದಿಲ್ಲ. ನೀರಿನಲ್ಲಿ ಚೆನ್ನಾಗಿ ಬಂದದ್ದನ್ನೇ ತಲೆತಲಾಂತರ ಬೀಜಕ್ಕೆ ಆರಿಸುತ್ತ ಹೋದರೆ ಮಾತ್ರ ಮೆಲ್ಲಗೆ ಕಳೆದುಹೋಗುತ್ತದೆ.

ಇದರಲ್ಲಿ ನನಗೆ ಉತ್ತರದ ಎಳೆಯೊಂದು ಕಾಣುತ್ತದೆ. ಬರ ಬೇರೆ, ಬರ ತಾಳುವ ಬೀಜ ಬೇರೆ. ಅಪ್ಪ ಉಂಡ ಕಷ್ಟವನ್ನು ಮಗಳಿಗೆ ಉಣಿಸುವುದು ಧರ್ಮವಲ್ಲ, ಅದು ಸೇಡು ಆದೀತು. ಆದರೆ ಆ ಕಷ್ಟದಲ್ಲಿ ಹುಟ್ಟಿದ ಮಾತು, ಗಾದೆ, ಹಂಚಿ ಉಣ್ಣುವ ರೂಢಿ ಇವನ್ನು ಆಕೆಗೆ ಕೊಡದೇ ಹೋದರೆ ಆಕೆಯ ಪರವಾಗಿ ನಾನೇ ಬೇಡ ಅಂದಂತೆ. ಬೇಕೋ ಬೇಡವೋ ಎಂದು ಆಮೇಲೆ ಆಕೆ ಆರಿಸಿಕೊಳ್ಳಲಿ. ಆರಿಸಲು ಬೀಜವಾದರೂ ಕೈಯಲ್ಲಿರಬೇಕಲ್ಲ.

ಊರಲ್ಲಿರುವವರಿಗೂ ಒಂದು ಮಾತು. ನಮ್ಮ ಸೀಮೆಯ ಎಷ್ಟೋ ಕೂರಿಗೆ ಹೊಲಗಳಲ್ಲಿ ಈಗ ಗೋವಿನಜೋಳ, ಕಬ್ಬು ನಿಂತಿವೆ. ಬೋರ್‌ವೆಲ್ ಬಂದಿದೆ. ನೀವೂ ನೀರಿಗಿಳಿದವರೇ, ಅದು ತಪ್ಪಲ್ಲ. ವರ್ಷಕ್ಕೆ ಹದಿನೈದು ದಿನ ಬಂದು ಹೋಗುವ ನಮ್ಮ ಸಲುವಾಗಿ ನೀವು ಹಳೆಯ ಹಾಗೇ ಇರಬೇಕು ಎಂದು ನಾವು ಕೇಳಬಾರದು. ನೀವು ಬಿಟ್ಟದ್ದನ್ನು ನಾವು ಪರಊರಿನಲ್ಲಿ ಹಿಡಿದಿಟ್ಟುಕೊಂಡಿರಬೇಕು ಎಂದು ನೀವೂ ಕೇಳಬಾರದು.

ಉಳಿದದ್ದು ಇಬ್ಬರಿಗೂ ಸೇರಿದ ಕೆಲಸ. ಹಗೇವಿನಲ್ಲಿ ಬಹುಕಾಲ ಮುಚ್ಚಿಟ್ಟ ಭತ್ತ ಉಣ್ಣಲು ಬಂದೀತು, ಬಿತ್ತಲು ಬಾರದು. ನವೆಂಬರಿಗೊಮ್ಮೆ ತೆಗೆದು ನೋಡುವ ಅಭಿಮಾನವೂ ಅಷ್ಟೇ. ಹೊಲ ಕಲಘಟಗಿಯದಾಗಲಿ, ಪುಣೆಯ ಎರಡು ಕೋಣೆಯ ಫ್ಲ್ಯಾಟಾಗಲಿ, ಪ್ರತಿವರ್ಷ ಒಂದು ಸಾಲನ್ನಾದರೂ ಬಿತ್ತಬೇಕು.